ಒಂದೇ ಅಂಗಳ, ಎರಡು ಲೆಕ್ಕ

2025ರ ನವೆಂಬರ್ ತಿಂಗಳ ಮಧ್ಯದಲ್ಲಿ ಮೂರು ದಿನ ನಮ್ಮ ಕಬ್ಬನ್ ಪಾರ್ಕಿನ ಎಸ್.ಎಂ. ಕೃಷ್ಣ ಟೆನಿಸ್ ಕ್ರೀಡಾಂಗಣದಲ್ಲಿ ಭಾರತ, ಸ್ಲೊವೇನಿಯಾ ಮತ್ತು ನೆದರ್ಲೆಂಡ್ಸ್ ದೇಶಗಳ ಮಹಿಳಾ ತಂಡಗಳು ಆಡಿದವು. ನಿಮ್ಮಲ್ಲಿ ಎಷ್ಟು ಮಂದಿಗೆ ಅದು ಗೊತ್ತಾಯಿತು? ಕೆಂಗೇರಿ, ಅತ್ತಿಗುಪ್ಪೆ ಅಥವಾ ವಿಜಯನಗರದಲ್ಲಿ ನೇರಳೆ ಬಣ್ಣದ ಮೆಟ್ರೋ ಹತ್ತಿದರೆ ಎಲ್ಲಿಯೂ ಬದಲಾಯಿಸದೆ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿಯಬಹುದು. ರಾಜಾಜಿನಗರದವರಿಗೆ ಮೆಜೆಸ್ಟಿಕ್‌ನಲ್ಲಿ ಒಂದು ಬದಲಾವಣೆ, ಅಷ್ಟೇ. ಅಷ್ಟು ಹತ್ತಿರದಲ್ಲಿ ನಡೆದ ಪಂದ್ಯಗಳು ನಮ್ಮ ಮನೆಗಳ ಮಾತಿನೊಳಗೆ ಬರಲೇ ಇಲ್ಲ. ಪುರುಷರ ಕ್ರಿಕೆಟ್ ಪಂದ್ಯವಾಗಿದ್ದರೆ ಟಿಕೆಟಿನಿಂದ ಹಿಡಿದು ಟ್ರಾಫಿಕ್ಕಿನವರೆಗೆ ಎಲ್ಲವೂ ಮನೆಯ ಮಾತಾಗುತ್ತಿತ್ತು.

ನಮ್ಮ ತಂಡ ಮುಂದಿನ ಹಂತ ತಲುಪಲಿಲ್ಲ. ಆದರೆ ನನ್ನ ಗಮನ ಸೆಳೆದದ್ದು ಆ ಕಪ್‌ನ ಹೆಸರು. ಪುರುಷರ ತಂಡಗಳಿಗೆ 1900ರಲ್ಲಿ ಡೇವಿಸ್ ಕಪ್ ಆರಂಭವಾಯಿತು. ಮಹಿಳೆಯರಿಗೆ ಅಂಥದ್ದೊಂದು ಕಪ್ ಸಿಕ್ಕಿದ್ದು 1963ರಲ್ಲಿ. ಅಂದರೆ 63 ವರ್ಷ ಕಾಯಬೇಕಾಯಿತು! ಮೊದಲು ಫೆಡರೇಷನ್ ಕಪ್ ಎಂದಿದ್ದ ಅದರ ಹೆಸರು 2020ರಲ್ಲಿ ಬಿಲ್ಲಿ ಜೀನ್ ಕಿಂಗ್ ಕಪ್ ಎಂದಾಯಿತು. ಈ ಬಿಲ್ಲಿ ಜೀನ್ ಕಿಂಗ್ ಎಂಬಾಕೆ ಅಮೆರಿಕದ ಆಟಗಾರ್ತಿ. ಆಕೆ ಎಷ್ಟು ಪ್ರಶಸ್ತಿ ಗೆದ್ದಳು ಎಂಬುದಕ್ಕಿಂತ ಆಕೆ ಕೇಳಿದ ಪ್ರಶ್ನೆ ನನಗೆ ಮುಖ್ಯವೆನಿಸುತ್ತದೆ. ಪ್ರಶ್ನೆ ಬಹಳ ಸರಳ. ಅಂಗಳ ಒಂದೇ, ಪ್ರೇಕ್ಷಕರು ಕೊಡುವ ಟಿಕೆಟ್ ಹಣ ಒಂದೇ. ಹಾಗಿರುವಾಗ ಬಹುಮಾನದ ಚೀಟಿಯಲ್ಲಿ ಏಕೆ ಎರಡು ಲೆಕ್ಕ?

ಟೆನಿಸ್ ನಮಗೇಕೆ ಎಂದು ಪುಟ ತಿರುಗಿಸಬೇಡಿ, ಸಹೋದರಿಯರೇ. ಗಂಡು ಹೆಣ್ಣಿನ ನಡುವಿನ ವ್ಯತ್ಯಾಸದ ಬಗ್ಗೆ ನಮ್ಮ ಮನೆಗಳಲ್ಲಿ ನಡೆಯುವ ವಾದಗಳೆಲ್ಲ ಈ ಒಂದು ಆಟದಲ್ಲಿ ಬಹಿರಂಗವಾಗಿ, ಅಂಕಿಸಂಖ್ಯೆ ಸಮೇತ ನಡೆದಿವೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ನೋಡೋಣ.

ಮೊದಲು, ಯಾವುದು ಒಂದೇ, ಯಾವುದು ಬೇರೆ? ಅಂಗಳದ ಉದ್ದ ಇಬ್ಬರಿಗೂ 78 ಅಡಿ. ಒಬ್ಬರ ವಿರುದ್ಧ ಒಬ್ಬರು ಆಡುವಾಗ ಅಗಲ 27 ಅಡಿ. ನೆಟ್‌ನ ಎತ್ತರ ನಡುವಿನಲ್ಲಿ 3 ಅಡಿ. ವಾಲಿಬಾಲ್‌ನಲ್ಲಿ ಮಹಿಳೆಯರಿಗೆ ನೆಟ್ಟನ್ನು ತಗ್ಗಿಸುತ್ತಾರೆ, ಬ್ಯಾಸ್ಕೆಟ್‌ಬಾಲ್‌ನಲ್ಲಿ ಚಿಕ್ಕ ಚೆಂಡು ಕೊಡುತ್ತಾರೆ. ಟೆನಿಸ್‌ನಲ್ಲಿ ಅಂಥ ಯಾವ ರಿಯಾಯಿತಿಯೂ ಇಲ್ಲ. ಅಂಕ ಎಣಿಸುವ ಕ್ರಮವೂ ಒಂದೇ. ದೊಡ್ಡ ವ್ಯತ್ಯಾಸ ಇರುವುದು ಒಂದೇ ಕಡೆ. ವಿಂಬಲ್ಡನ್, ಫ್ರೆಂಚ್, ಅಮೆರಿಕನ್, ಆಸ್ಟ್ರೇಲಿಯನ್ ಎಂಬ ನಾಲ್ಕು ಗ್ರಾಂಡ್ ಸ್ಲಾಮ್ ಟೂರ್ನಿಗಳ ಸಿಂಗಲ್ಸ್‌ನಲ್ಲಿ ಪುರುಷರು ಐದು ಸೆಟ್‌ಗಳ ಪಂದ್ಯ ಆಡುತ್ತಾರೆ, ಮಹಿಳೆಯರು ಮೂರು ಸೆಟ್‌ಗಳದ್ದು. ವರ್ಷದ ಉಳಿದ ಟೂರ್ನಿಗಳಲ್ಲಿ ಪುರುಷರದ್ದೂ ಮೂರೇ ಸೆಟ್ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ.

ಈ ಮೂರು ಸೆಟ್ ಎಂಬ ನಿಯಮ ಎಲ್ಲಿಂದ ಬಂತು? ಹೆಣ್ಣಿನ ದೇಹಕ್ಕೆ ತಾಳಿಕೆ ಕಡಿಮೆ, ಅದಕ್ಕೇ ಇರಬೇಕು ಎಂದು ನೀವು ಭಾವಿಸಿರಬಹುದು. ನಿಜ ಸಂಗತಿ ಬೇರೆ. ಅಮೆರಿಕದ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ 1891ರಿಂದ 1901ರವರೆಗೆ ಮಹಿಳೆಯರ ಫೈನಲ್ ಐದು ಸೆಟ್‌ಗಳದ್ದೇ ಆಗಿತ್ತು. ಅದೂ ನೆಲ ಮುಟ್ಟುವ ಲಂಗ, ಬಿಗಿದ ಒಳ ಉಡುಪು, ತಲೆಗೆ ಟೋಪಿ ತೊಟ್ಟು! 1901ರಲ್ಲಿ ಎಲಿಜಬೆತ್ ಮೂರ್ ಎಂಬಾಕೆ ಎರಡು ದಿನ ಒಂದರ ಹಿಂದೆ ಒಂದರಂತೆ ಎರಡು ಐದು ಸೆಟ್ ಪಂದ್ಯಗಳನ್ನಾಡಿ ಪ್ರಶಸ್ತಿ ಗೆದ್ದಳು. ಮರುವರ್ಷವೇ ಸಂಘದ ಗಂಡಸರು ಮಹಿಳೆಯರ ಪಂದ್ಯವನ್ನು ಮೂರು ಸೆಟ್‌ಗೆ ಇಳಿಸಿದರು. ಗೆದ್ದು ತೋರಿಸಿದ ಮೂರ್ ಅದನ್ನು ವಿರೋಧಿಸಿದಳು, ಯಾರೂ ಕಿವಿಗೊಡಲಿಲ್ಲ. ಮುಂದೆ 1984ರಿಂದ 1998ರವರೆಗೆ ಮಹಿಳೆಯರ ವರ್ಷಾಂತ್ಯದ ಚಾಂಪಿಯನ್‌ಶಿಪ್‌ನ ಫೈನಲ್ಲನ್ನು ಮತ್ತೆ ಐದು ಸೆಟ್‌ಗಳಲ್ಲಿ ಆಡಿಸಿದರು. 1990ರಲ್ಲಿ ಮೋನಿಕಾ ಸೆಲೆಸ್ ಗೇಬ್ರಿಯೆಲಾ ಸಬಾಟಿನಿಯನ್ನು ಪೂರ್ತಿ ಐದು ಸೆಟ್ ಆಡಿ ಸೋಲಿಸಿದಾಗ ಸೆಲೆಸ್‌ಳ ವಯಸ್ಸು 16. ನಮ್ಮ ಲೆಕ್ಕದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ ಹುಡುಗಿ.

ಹೀಗೆ ಮೊದಲು ಹೆಣ್ಣಿನಿಂದ ಎರಡು ಸೆಟ್ ಕಿತ್ತುಕೊಂಡರು. ಅನಂತರ, ನೀನು ಮೂರೇ ಸೆಟ್ ಆಡುತ್ತಿ, ನಿನಗೇಕೆ ಸಮಾನ ಬಹುಮಾನ ಎಂದು ಕೇಳಿದರು. ಈ ತರ್ಕ ನಿಮಗೆ ಎಲ್ಲೋ ಕೇಳಿದಂತಿಲ್ಲವೇ? ಹುಡುಗಿಯನ್ನು ಒಂಬತ್ತನೇ ತರಗತಿಗೇ ಶಾಲೆಯಿಂದ ಬಿಡಿಸಿ, ಮುಂದೆ ಅವಳ ಮದುವೆಯ ಮಾತುಕತೆಯಲ್ಲಿ, ಹೆಚ್ಚು ಓದಿಲ್ಲವಲ್ಲ ಎಂದು ಕೊಂಕು ತೆಗೆಯುವವರು ನಮ್ಮ ನಡುವೆಯೇ ಇದ್ದಾರೆ.

ಹಾಗೆಂದು ವ್ಯತ್ಯಾಸವೇ ಇಲ್ಲ ಎಂದು ವಾದಿಸುವವರ ಗುಂಪಿಗೆ ನಾನು ಸೇರಿದವಳಲ್ಲ. ಪ್ರೌಢಾವಸ್ಥೆಯ ನಂತರ ಗಂಡಿನ ಎತ್ತರ, ಭುಜದ ಅಗಲ, ಸ್ನಾಯುಗಳ ಗಾತ್ರ, ರಕ್ತದಲ್ಲಿ ಆಮ್ಲಜನಕ ಹೊರುವ ಶಕ್ತಿ ಎಲ್ಲವೂ ಸರಾಸರಿಯಲ್ಲಿ ಹೆಚ್ಚು. ಟೆನಿಸ್‌ನಲ್ಲಿ ಇದು ಎದ್ದು ಕಾಣುವುದು ಸರ್ವಿಸ್‌ನಲ್ಲಿ. ಪುರುಷರಲ್ಲಿ ಬಿರುಸಿನ ಸರ್ವಿಸ್‌ನವರು ಗಂಟೆಗೆ 220 ಕಿಲೋಮೀಟರ್‌ಗೂ ಹೆಚ್ಚು ವೇಗದಲ್ಲಿ ಚೆಂಡು ಹೊಡೆಯುತ್ತಾರೆ. ಮಹಿಳೆಯರಲ್ಲಿ 200 ದಾಟುವವರು ಬೆರಳೆಣಿಕೆಯ ಮಂದಿ. 1998ರ ಆಸ್ಟ್ರೇಲಿಯನ್ ಓಪನ್ ಸಮಯದಲ್ಲಿ ಹದಿಹರೆಯದ ವೀನಸ್ ಮತ್ತು ಸೆರೆನಾ ವಿಲಿಯಮ್ಸ್ ಸಹೋದರಿಯರು 200ರ ಆಚೆಯ ರ‍್ಯಾಂಕಿನ ಯಾವ ಗಂಡಸನ್ನಾದರೂ ಸೋಲಿಸುತ್ತೇವೆ ಎಂದು ಸವಾಲೆಸೆದರು. ಜರ್ಮನಿಯ ಕಾರ್ಸ್ಟನ್ ಬ್ರಾಶ್, ಆಗ 203ನೇ ರ‍್ಯಾಂಕಿನವನು, ಒಂದೊಂದು ಸೆಟ್ ಆಡಿ ಸೆರೆನಾಳನ್ನು 6-1ರಿಂದ, ವೀನಸ್‌ಳನ್ನು 6-2ರಿಂದ ಸೋಲಿಸಿದ. ವರ್ಷಗಳ ನಂತರ, 2013ರಲ್ಲಿ, ಜಗತ್ತಿನ ನಂಬರ್ ಒನ್ ಆಗಿದ್ದ ಸೆರೆನಾ ಒಂದು ಟಿ.ವಿ. ಕಾರ್ಯಕ್ರಮದಲ್ಲಿ, ಗಂಡಸರ ಟೆನಿಸ್ ಮತ್ತು ಹೆಂಗಸರ ಟೆನಿಸ್ ಬಹುತೇಕ ಎರಡು ಬೇರೆ ಆಟಗಳೇ ಎಂದು ನಿಸ್ಸಂಕೋಚವಾಗಿ ಒಪ್ಪಿಕೊಂಡಳು.

ಎರಡು ಬೇರೆ ಆಟಗಳು ಎಂಬ ಮಾತಿನಲ್ಲಿ ಒಂದು ಸೂಕ್ಷ್ಮವಿದೆ. ಗಂಡಸರ ಪಂದ್ಯದಲ್ಲಿ ಸರ್ವಿಸ್ ಮಾಡುವವನ ಕೈ ಮೇಲು. ಅವನ ಗೇಮ್ ಅವನೇ ಗೆಲ್ಲುವುದು ಹೆಚ್ಚು. ಮಹಿಳೆಯರ ಪಂದ್ಯದಲ್ಲಿ ಎದುರಾಳಿಯ ಸರ್ವಿಸ್ಸನ್ನು ಹಿಂತಿರುಗಿಸಿ ಗೇಮ್ ಕಸಿಯುವ ಅವಕಾಶ ಹೆಚ್ಚು. ಹಾಗಾಗಿ ಮುಂದಿದ್ದವಳು ಹಿಂದೆ, ಹಿಂದಿದ್ದವಳು ಮುಂದೆ ಆಗುತ್ತಲೇ ಇರುತ್ತದೆ. ಚೆಂಡನ್ನು ಕೋನದಿಂದ ಕೋನಕ್ಕೆ ಕಳುಹಿಸಿ ಜಾಗ ಹುಡುಕುವ ಬುದ್ಧಿ ಇಲ್ಲಿ ಕೆಲಸ ಮಾಡುತ್ತದೆ. ಬಲ ಹೆಚ್ಚಿದ್ದ ಮಾತ್ರಕ್ಕೆ ನೋಡುವವರಿಗೆ ಅದೇ ಹೆಚ್ಚು ಚೆನ್ನ ಎನ್ನಲಾಗದು. ಕುಸ್ತಿ, ಬಾಕ್ಸಿಂಗ್‌ಗಳಲ್ಲಿ ಕಡಿಮೆ ತೂಕದವನು ಹೆಚ್ಚು ತೂಕದವನೊಡನೆ ಸೆಣಸುವುದೇ ಇಲ್ಲ. ಅವನ ಪದಕವನ್ನು ಯಾರೂ ಅರ್ಧ ಪದಕ ಎನ್ನುವುದೂ ಇಲ್ಲ.

ಈಗ ಹಣದ ಮಾತಿಗೆ ಬರೋಣ. 1968ರ ವಿಂಬಲ್ಡನ್‌ನಲ್ಲಿ ಮೊದಲ ಬಾರಿಗೆ ವೃತ್ತಿಪರರಿಗೆ ನಗದು ಬಹುಮಾನ ಬಂತು. ಪುರುಷರ ಚಾಂಪಿಯನ್ ರಾಡ್ ಲೇವರ್‌ಗೆ 2000 ಪೌಂಡ್. ಮಹಿಳಾ ಚಾಂಪಿಯನ್ ಬಿಲ್ಲಿ ಜೀನ್ ಕಿಂಗ್‌ಗೆ 750. 1970ರಲ್ಲಿ ಲಾಸ್ ಏಂಜಲೀಸ್‌ನ ಒಂದು ಟೂರ್ನಿ ಗಂಡು ಚಾಂಪಿಯನ್‌ಗೆ 12,500 ಡಾಲರ್, ಹೆಣ್ಣಿಗೆ 1,500 ಡಾಲರ್ ಎಂದು ಘೋಷಿಸಿತು. ಎಂಟರಲ್ಲಿ ಒಂದು ಪಾಲೂ ಅಲ್ಲ! ಆಗ ಕಿಂಗ್ ಸೇರಿದಂತೆ ಒಂಬತ್ತು ಆಟಗಾರ್ತಿಯರು ಅದನ್ನು ಬಿಟ್ಟು ಹ್ಯೂಸ್ಟನ್ ನಗರದಲ್ಲಿ ತಮ್ಮದೇ ಟೂರ್ನಿ ಆಡಲು ತಲಾ ಒಂದು ಡಾಲರಿನ ಒಪ್ಪಂದಕ್ಕೆ ಸಹಿ ಹಾಕಿದರು. ಗ್ಲ್ಯಾಡಿಸ್ ಹೆಲ್ಡ್‌ಮನ್ ಎಂಬ ಪತ್ರಿಕಾ ಸಂಪಾದಕಿ ಅದರ ಹಿಂದೆ ನಿಂತರು. ಸಂಘದಿಂದ ಉಚ್ಚಾಟಿಸುವ ಬೆದರಿಕೆ ಇತ್ತು, ಗ್ರಾಂಡ್ ಸ್ಲಾಮ್ ಆಡುವ ಅವಕಾಶ ತಪ್ಪುವ ಭಯವಿತ್ತು. ಆದರೂ ಅವರು ಹಿಂಜರಿಯಲಿಲ್ಲ.

ಆ ಟೂರ್ನಿಗೆ ಹಣ ಕೊಟ್ಟದ್ದು ಒಂದು ಸಿಗರೇಟ್ ಕಂಪೆನಿ ಎಂಬುದನ್ನೂ ಹೇಳಲೇಬೇಕು. ಹೆಣ್ಣಿನ ಸ್ವಾತಂತ್ರ್ಯದ ಹೆಸರಿನಲ್ಲಿ ಹೆಣ್ಣಿನ ಕೈಗೆ ಸಿಗರೇಟ್ ಇಡುವ ವ್ಯಾಪಾರ! ನ್ಯಾಯವಾದ ಬೇಡಿಕೆಗೆ ನ್ಯಾಯವಾದ ಹಣ ಸಿಗದಿದ್ದಾಗ ಇಂಥವರು ನುಸುಳುತ್ತಾರೆ. ಅದಕ್ಕೆ ಮೊದಲ ಹೊಣೆ ಬಾಗಿಲು ಮುಚ್ಚಿದವರದ್ದು ಎಂದೇ ನನ್ನ ಅಭಿಪ್ರಾಯ.

1973 ಈ ಕಥೆಯ ತಿರುವು. ಆ ವರ್ಷ ಜೂನ್‌ನಲ್ಲಿ ಮಹಿಳಾ ಟೆನಿಸ್ ಸಂಘ, ಅಂದರೆ ಡಬ್ಲ್ಯು.ಟಿ.ಎ., ಹುಟ್ಟಿತು. ಅದೇ ವರ್ಷ ಅಮೆರಿಕನ್ ಓಪನ್ ಗಂಡು ಹೆಣ್ಣಿಗೆ ಸಮಾನ ಬಹುಮಾನ ಕೊಟ್ಟ ಮೊದಲ ಗ್ರಾಂಡ್ ಸ್ಲಾಮ್ ಆಯಿತು. 55 ವರ್ಷದ ಮಾಜಿ ಚಾಂಪಿಯನ್ ಬಾಬಿ ರಿಗ್ಸ್, ಹೆಣ್ಣುಮಕ್ಕಳ ಟೆನಿಸ್ ಯಾವ ಲೆಕ್ಕ ಎಂದು ಗೇಲಿ ಮಾಡುತ್ತಾ, ಮೇ ತಿಂಗಳಲ್ಲಿ ಮಾರ್ಗರೆಟ್ ಕೋರ್ಟ್‌ಳನ್ನು 6-2, 6-1ರಿಂದ ಸೋಲಿಸಿದ್ದ. ಸೆಪ್ಟೆಂಬರ್ 20ರಂದು 29 ವರ್ಷದ ಕಿಂಗ್ ಅವನನ್ನು 6-4, 6-3, 6-3ರಿಂದ ಸೋಲಿಸಿದಳು. ಅದು ಐದು ಸೆಟ್‌ಗಳ ಪಂದ್ಯವಾಗಿತ್ತು. ನಿಜ ಹೇಳಬೇಕೆಂದರೆ ತರುಣಿಯೊಬ್ಬಳು ಮುದುಕನನ್ನು ಸೋಲಿಸಿದ್ದರಿಂದ ಏನೂ ಸಿದ್ಧವಾಗುವುದಿಲ್ಲ, ಅದು ಹೆಚ್ಚಾಗಿ ತಮಾಷೆಯೇ. ಆದರೆ ಆಕೆ ಸೋತಿದ್ದರೆ ಅದನ್ನು ತಮಾಷೆಯೆಂದು ಯಾರೂ ಬಿಡುತ್ತಿರಲಿಲ್ಲ.

ವಿಂಬಲ್ಡನ್ ಮಾತ್ರ ಹಠ ಬಿಡಲಿಲ್ಲ. ಆಸ್ಟ್ರೇಲಿಯನ್ ಓಪನ್ 2001ರಿಂದ ಸಮಾನ ಬಹುಮಾನ ಕೊಡುತ್ತಿತ್ತು. 2006ರಲ್ಲೂ ವಿಂಬಲ್ಡನ್ ಪುರುಷ ಚಾಂಪಿಯನ್‌ಗೆ 6,55,000 ಪೌಂಡ್, ಮಹಿಳಾ ಚಾಂಪಿಯನ್‌ಗೆ 6,25,000 ಪೌಂಡ್ ಎಂದಿತು. ಅಷ್ಟು ದೊಡ್ಡ ಮೊತ್ತದಲ್ಲಿ 30,000 ಉಳಿಸಿ ಅವರು ಕಟ್ಟುವುದೇನಿತ್ತು? ಹೆಣ್ಣು ಒಂದು ಮೆಟ್ಟಿಲು ಕೆಳಗಿರಬೇಕು ಎಂಬ ಗುರುತು ಉಳಿಸಿಕೊಳ್ಳುವುದಷ್ಟೇ ಅವರಿಗೆ ಬೇಕಿತ್ತು. 2005ರಲ್ಲಿ ತನ್ನ ಫೈನಲ್ ಪಂದ್ಯದ ಹಿಂದಿನ ದಿನ ವೀನಸ್ ವಿಲಿಯಮ್ಸ್ ಅಧಿಕಾರಿಗಳ ಸಭೆಗೆ ಹೋಗಿ, ಎಲ್ಲರೂ ಕಣ್ಣು ಮುಚ್ಚಿ, ನಿಮ್ಮ ಮಗಳಿಗೆ ನೀನು ಹುಡುಗರಷ್ಟು ಬೆಲೆ ಬಾಳುವವಳಲ್ಲ ಎಂದು ಯಾರೋ ಹೇಳುವುದನ್ನು ಊಹಿಸಿಕೊಳ್ಳಿ ಎಂಬರ್ಥದ ಮಾತನಾಡಿದಳು. ಮರುವರ್ಷ ಪತ್ರಿಕೆಯಲ್ಲೂ ಬರೆದಳು. 2007ರಲ್ಲಿ ವಿಂಬಲ್ಡನ್ ಒಪ್ಪಿತು. ಆ ವರ್ಷದ ಮಹಿಳಾ ಚಾಂಪಿಯನ್ ಯಾರು ಗೊತ್ತೇ? ವೀನಸ್ಸೇ!

ಅಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಸಮಾನತೆ ಬಂದದ್ದು ಮುಖ್ಯವಾಗಿ ನಾಲ್ಕು ದೊಡ್ಡ ಟೂರ್ನಿಗಳಲ್ಲಿ. 2023ರಲ್ಲಿ ರೋಮ್‌ನಲ್ಲಿ ಗಂಡಸರು ಹೆಂಗಸರು ಒಂದೇ ಜಾಗದಲ್ಲಿ ಆಡಿದರೂ ಮಹಿಳೆಯರ ಒಟ್ಟು ಬಹುಮಾನ ಪುರುಷರದರ ಅರ್ಧಕ್ಕಿಂತ ಕಡಿಮೆಯಿತ್ತು. ಅಲ್ಲಿ ಇಬ್ಬರೂ ಆಡುವುದು ಮೂರೇ ಸೆಟ್! ಅಂದಮೇಲೆ ಐದು ಸೆಟ್‌ನ ವಾದ ಎಲ್ಲಿ ಹೋಯಿತು? ಅದೇ ವರ್ಷ ಡಬ್ಲ್ಯು.ಟಿ.ಎ. ಇಬ್ಬರೂ ಒಟ್ಟಾಗಿ ಆಡುವ ದೊಡ್ಡ ಟೂರ್ನಿಗಳಲ್ಲಿ 2027ರ ಹೊತ್ತಿಗೆ, ಉಳಿದ ದೊಡ್ಡ ಟೂರ್ನಿಗಳಲ್ಲಿ 2033ರ ಹೊತ್ತಿಗೆ ಸಮಾನ ಬಹುಮಾನದ ಗುರಿ ಇಟ್ಟುಕೊಂಡಿತು.

ನಮ್ಮಲ್ಲಿ ಸಮಾನ ವೇತನದ ಕಾಯ್ದೆ 1976ರಲ್ಲೇ ಬಂದಿತ್ತು. ಆದರೂ ಮೈಸೂರು ರಸ್ತೆಯ ಎರಡೂ ಬದಿಯ ಓಣಿಗಳಲ್ಲಿ ಮನೆಯಲ್ಲೇ ಕುಳಿತು ಅಗರಬತ್ತಿ ಹೊಸೆಯುವ, ಬಟ್ಟೆಗೆ ಗುಂಡಿ ಹೊಲಿಯುವ ಸಹೋದರಿಯರನ್ನು ಕೇಳಿ ನೋಡಿ, ಲೆಕ್ಕದ ಚೀಟಿ ಯಾರ ಕೈಯಲ್ಲಿರುತ್ತದೆ ಎಂದು. ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 32ನೇ ವಚನವು ಪುರುಷರ ಸಂಪಾದನೆಯ ಪಾಲು ಪುರುಷರದ್ದು, ಸ್ತ್ರೀಯರ ಸಂಪಾದನೆಯ ಪಾಲು ಸ್ತ್ರೀಯರದ್ದು ಎಂಬ ಆಶಯವನ್ನು ಸಾರುತ್ತದೆ. ದುಡಿದವಳ ಪಾಲನ್ನು, ಅವಳು ಹೆಣ್ಣು ಎಂಬ ಒಂದೇ ಕಾರಣಕ್ಕೆ ಕತ್ತರಿಸುವುದಕ್ಕೆ ಅಲ್ಲಿ ಎಡೆಯಿಲ್ಲ ಎಂಬುದೇ ನನ್ನ ತಿಳುವಳಿಕೆ.

ಇನ್ನು ನಮ್ಮ ಬೆಂಗಳೂರು. ಇಂದಿನ ಹುಡುಗಿಯರಿಗೆ ಇದು ಗೊತ್ತಿರಲಾರದು. 2006ರಿಂದ 2008ರವರೆಗೆ ಮೂರು ವರ್ಷ ಕಬ್ಬನ್ ಪಾರ್ಕಿನಲ್ಲಿ ಬೆಂಗಳೂರು ಓಪನ್ ಎಂಬ ಡಬ್ಲ್ಯು.ಟಿ.ಎ. ಟೂರ್ನಿ ನಡೆಯಿತು. ಅದಕ್ಕೆ ಮುಂಚೆ ಅದು ಹೈದರಾಬಾದಿನಲ್ಲಿತ್ತು. 2006ರಲ್ಲಿ ಇಟಲಿಯ ಮಾರಾ ಸಾಂತಾಂಜೆಲೊ, 2007ರಲ್ಲಿ ಯಾರೊಸ್ಲಾವಾ ಶ್ವೆಡೋವಾ ಗೆದ್ದರು. 2008ರಲ್ಲಿ ಟೂರ್ನಿಯ ದರ್ಜೆ ಏರಿ ಬಹುಮಾನ 6 ಲಕ್ಷ ಡಾಲರಾಯಿತು. ವೀನಸ್, ಸೆರೆನಾ ಇಬ್ಬರೂ ಬಂದರು. ಸೆಮಿಫೈನಲ್‌ನಲ್ಲಿ ಅಕ್ಕನನ್ನು ಸೋಲಿಸಿದ ಸೆರೆನಾ ಫೈನಲ್‌ನಲ್ಲಿ ಸ್ವಿಟ್ಜರ್ಲೆಂಡಿನ ಪ್ಯಾಟಿ ಶ್ನೈಡರ್‌ಳನ್ನು 7-5, 6-3ರಿಂದ ಮಣಿಸಿದಳು. ಮರುವರ್ಷದಿಂದ ಟೂರ್ನಿಯೇ ನಿಂತಿತು. ಆಮೇಲೆ ಅದೇ ಅಂಗಳದಲ್ಲಿ ಪುರುಷರ ಚಾಲೆಂಜರ್ ಟೂರ್ನಿ ಬಂತು. 2017ರಲ್ಲಿ ಸುಮಿತ್ ನಾಗಲ್, 2018ರಲ್ಲಿ ಪ್ರಜ್ಞೇಶ್ ಗುಣೇಶ್ವರನ್ ಅಲ್ಲಿ ಗೆದ್ದು ಮೇಲೇರಿದರು. ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ, 43ನೇ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಕರ್ನಾಟಕವೆಲ್ಲ ಹೆಮ್ಮೆಪಟ್ಟಿತು. ಸಂತೋಷದ ವಿಷಯವೇ. ಆದರೆ ಕರ್ನಾಟಕದ ಹುಡುಗಿಯರಲ್ಲಿ ಆ ಎತ್ತರಕ್ಕೆ ಹೋದವರ ಹೆಸರು ಹೇಳಿ ಎಂದರೆ ನಾವು ಸುಮ್ಮನಾಗುತ್ತೇವೆ.

2006ರ ಆ ಟೂರ್ನಿಯ ಡಬಲ್ಸ್ ಪ್ರಶಸ್ತಿಯನ್ನು ಲೀಝೆಲ್ ಹ್ಯೂಬರ್ ಜೊತೆ ಸೇರಿ ಗೆದ್ದವಳು ಸಾನಿಯಾ ಮಿರ್ಝಾ. ಹಿಂದಿನ ವರ್ಷವಷ್ಟೇ ಹೈದರಾಬಾದ್ ಓಪನ್ ಗೆದ್ದು, ಡಬ್ಲ್ಯು.ಟಿ.ಎ. ಸಿಂಗಲ್ಸ್ ಪ್ರಶಸ್ತಿ ಪಡೆದ ಮೊದಲ ಭಾರತೀಯಳು ಎನಿಸಿದ್ದಳು. 2007ರಲ್ಲಿ ಸಿಂಗಲ್ಸ್‌ನಲ್ಲಿ 27ನೇ ರ‍್ಯಾಂಕ್, 2015ರಲ್ಲಿ ಡಬಲ್ಸ್‌ನಲ್ಲಿ ಜಗತ್ತಿಗೇ ಮೊದಲ ರ‍್ಯಾಂಕ್, ಒಟ್ಟು ಆರು ಗ್ರಾಂಡ್ ಸ್ಲಾಮ್ ಪ್ರಶಸ್ತಿ. ಇಷ್ಟಾದರೂ ಸಾನಿಯಾ ಎಂದೊಡನೆ ನಮ್ಮ ಮನೆಗಳಲ್ಲಿ ಮೊದಲು ಬರುವ ಮಾತು ಅವಳ ಉಡುಪಿನದ್ದು, ಎರಡನೆಯದು ಅವಳ ಮದುವೆಯದ್ದು. 2005ರಲ್ಲಿ ಅವಳ ಉಡುಪಿನ ಬಗ್ಗೆ ಕೆಲವು ಧಾರ್ಮಿಕ ವ್ಯಕ್ತಿಗಳ ಹೇಳಿಕೆಗಳು ಪತ್ರಿಕೆಗಳಲ್ಲಿ ಬಂದವು. ಚಾನೆಲ್‌ಗಳು ಅದನ್ನು ಹಗಲಿರುಳು ಉರಿಸಿದವು. ಒಂದರ ಮೇಲೊಂದು ವಿವಾದಗಳಿಂದ ಬೇಸತ್ತು 2008ರಲ್ಲಿ ಅವಳು ಬೆಂಗಳೂರು ಓಪನ್‌ಗೆ ಬರುವುದಿಲ್ಲ ಎಂದು ಪ್ರಕಟಿಸಿದಳು. ಸೆರೆನಾ ಬಂದ ವರ್ಷ ಸಾನಿಯಾ ಇಲ್ಲಿರಲಿಲ್ಲ.

ಆಟದ ಅಂಗಳದ ಆ ಉಡುಪು ನಾವು ನಂಬುವ ಪರ್ದಾದ ಮಾನದಂಡಕ್ಕೆ ಹೊಂದುವುದಿಲ್ಲ. ಇದನ್ನು ಮುಚ್ಚಿಡಬೇಕಾಗಿಲ್ಲ, ನಾನು ಮುಚ್ಚಿಡುವುದೂ ಇಲ್ಲ. ಆದರೆ ಒಂದು ಪ್ರಶ್ನೆ. ಗಿಡ್ಡ ಲಂಗವೇ ಟೆನಿಸ್‌ನ ಉಡುಪು ಎಂದು ನಿಶ್ಚಯಿಸಿದವರು ಯಾರು? ಅದನ್ನೂ ಸಂಘಗಳೂ ಸಮಿತಿಗಳೂ ರೂಢಿಮಾಡಿದ್ದು. 2018ರಲ್ಲಿ ಸೆರೆನಾ ಹೆರಿಗೆಯ ನಂತರ ರಕ್ತ ಹೆಪ್ಪುಗಟ್ಟುವ ತೊಂದರೆಯ ಕಾರಣ ಕಾಲಿನವರೆಗೆ ಮುಚ್ಚುವ ಬಿಗಿಯುಡುಪು ತೊಟ್ಟು ಫ್ರೆಂಚ್ ಓಪನ್ ಆಡಿದಾಗ, ಇನ್ನು ಮುಂದೆ ಅಂಥದ್ದಕ್ಕೆ ಅವಕಾಶವಿಲ್ಲ ಎಂದು ಅಲ್ಲಿನ ಟೆನಿಸ್ ಸಂಘದ ಅಧ್ಯಕ್ಷರು ಹೇಳಿದರು. ಅಂದರೆ ಹೆಣ್ಣು ಕಡಿಮೆ ತೊಟ್ಟರೆ ಒಂದು ಕಡೆಯವರಿಗೆ ತಕರಾರು, ಹೆಚ್ಚು ತೊಟ್ಟರೆ ಇನ್ನೊಂದು ಕಡೆಯವರಿಗೆ! ಅದೇ ವರ್ಷದ ಕೊನೆಯಲ್ಲಿ ಡಬ್ಲ್ಯು.ಟಿ.ಎ. ನಿಯಮ ಸ್ಪಷ್ಟಪಡಿಸಿತು. ಲಂಗವಿಲ್ಲದೆ ಲೆಗ್ಗಿಂಗ್ಸ್ ಮಾತ್ರ ತೊಟ್ಟು ಆಡಬಹುದು. ಅದರ ಮೇಲೆ ಉದ್ದನೆಯ ಸಡಿಲ ಅಂಗಿ ತೊಡಲು ಮನಸ್ಸು ಮಾಡುವ ಹುಡುಗಿಗೆ ದಾರಿ ಈಗ ಹಿಂದಿಗಿಂತ ಅಗಲವಾಗಿದೆ ಎಂದಾಯಿತು. ವಿಂಬಲ್ಡನ್‌ನಲ್ಲಿ ಎಲ್ಲವೂ ಬಿಳಿಯಾಗಿರಬೇಕು ಎಂಬ ಕಟ್ಟಳೆ. ಮುಟ್ಟಿನ ದಿನಗಳಲ್ಲಿ ಬಿಳಿ ತೊಟ್ಟು ಸಾವಿರಾರು ಜನರೆದುರು ಓಡಾಡುವ ಹುಡುಗಿಯ ಎದೆಯ ಡವಡವವನ್ನು ನಿಮಗೆ ವಿವರಿಸಬೇಕಾಗಿಲ್ಲ. ಒಳಚಡ್ಡಿ ಗಾಢ ಬಣ್ಣದ್ದಾಗಿರಬಹುದು ಎಂದು ಅವರು ಒಪ್ಪಲು 2023 ಬರಬೇಕಾಯಿತು.

ತಾಯ್ತನದ ವಿಷಯದಲ್ಲೂ ಹೀಗೇ. ಗಂಡು ಆಟಗಾರನಿಗೆ ಮಗು ಹುಟ್ಟಿದರೆ ಪತ್ರಿಕೆಯಲ್ಲಿ ಫೋಟೋ ಬರುತ್ತದೆ, ರ‍್ಯಾಂಕ್ ಎಲ್ಲಿತ್ತೋ ಅಲ್ಲೇ ಇರುತ್ತದೆ. ಹೆಣ್ಣಿನ ರ‍್ಯಾಂಕ್ ಪಾತಾಳಕ್ಕಿಳಿಯುತ್ತದೆ. ಸೆರೆನಾ 2017ರಲ್ಲಿ ಮಗಳನ್ನು ಹೆತ್ತು ಮರಳಿದಾಗ ಅವಳ ರ‍್ಯಾಂಕ್ 400ರ ಆಚೆ ಹೋಗಿತ್ತು. ಈ ಚರ್ಚೆ ಜೋರಾದ ನಂತರ, ಬಾಣಂತನ ಮುಗಿಸಿ ಬರುವವರು ಮೂರು ವರ್ಷದವರೆಗೆ ಹಳೆಯ ರ‍್ಯಾಂಕ್ ಬಳಸಿ ಟೂರ್ನಿಗಳಿಗೆ ಸೇರಬಹುದೆಂಬ ನಿಯಮ ಬಂತು. 2018ರ ಅಕ್ಟೋಬರ್‌ನಲ್ಲಿ ಮಗ ಇಝಾನ್‌ನನ್ನು ಹೆತ್ತ ಸಾನಿಯಾ ತೂಕ ಇಳಿಸಿ 2020ರ ಜನವರಿಯಲ್ಲಿ ಮರಳಿ ಬಂದ ಮೊದಲ ಟೂರ್ನಿಯಲ್ಲೇ, ಹೋಬರ್ಟ್‌ನಲ್ಲಿ, ಡಬಲ್ಸ್ ಗೆದ್ದಳು. 2023ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಬೋಪಣ್ಣನ ಜೊತೆ ಮಿಶ್ರ ಡಬಲ್ಸ್ ಫೈನಲ್ ಆಡಿ ಸೋತು ಗ್ರಾಂಡ್ ಸ್ಲಾಮ್‌ಗೆ ವಿದಾಯ ಹೇಳಿದಾಗ ನಾಲ್ಕು ವರ್ಷದ ಮಗ ಅಲ್ಲೇ ಇದ್ದ. ಹದಿನಾಲ್ಕನೇ ವಯಸ್ಸಿನಲ್ಲಿ ಮಿಶ್ರ ಡಬಲ್ಸ್‌ನಲ್ಲಿ ಅವಳ ಮೊದಲ ಜೊತೆಗಾರನೂ ಬೋಪಣ್ಣನೇ ಆಗಿದ್ದ.

2025ರ ಮಾರ್ಚ್‌ನಲ್ಲಿ ಆಟಗಾರ್ತಿಯರಿಗೆ 12 ತಿಂಗಳವರೆಗೆ ವೇತನ ಸಹಿತ ಹೆರಿಗೆ ರಜೆ ಕೊಡುವ ನಿಧಿಯೊಂದು ಆರಂಭವಾಯಿತು. ಅದಕ್ಕೆ ಹಣ ಕೊಟ್ಟದ್ದು ಸೌದಿ ಅರೇಬಿಯಾದ ಸಾರ್ವಜನಿಕ ಹೂಡಿಕೆ ನಿಧಿ. ಸೌದಿಯ ಹಣದ ಉದ್ದೇಶದ ಬಗ್ಗೆ ಪಾಶ್ಚಾತ್ಯ ಪತ್ರಿಕೆಗಳಲ್ಲಿ ಬಹಳ ಟೀಕೆಯಿದೆ. ಟೀಕೆಗೆ ಕಾರಣಗಳೂ ಇಲ್ಲದಿಲ್ಲ. ಆದರೆ ಅಷ್ಟು ದಶಕಗಳ ಕಾಲ ಶ್ರೀಮಂತ ದೇಶಗಳ ದೊಡ್ಡ ಕಂಪೆನಿಗಳಿಗೆ ಬಾಣಂತಿಯ ಸಂಬಳದ ನೆನಪು ಏಕೆ ಬರಲಿಲ್ಲವೋ!

ಮುಸ್ಲಿಮ್ ದೇಶಗಳ ಮಾತು ಬಂದದ್ದರಿಂದ ಟುನೀಷಿಯಾದ ಉನ್ಸ್ ಜಾಬಿರ್ ಹೆಸರನ್ನೂ ಹೇಳಿಬಿಡುತ್ತೇನೆ. 2022 ಮತ್ತು 2023ರಲ್ಲಿ ವಿಂಬಲ್ಡನ್ ಫೈನಲ್ ತಲುಪಿದಳು. ಗ್ರಾಂಡ್ ಸ್ಲಾಮ್ ಸಿಂಗಲ್ಸ್ ಫೈನಲ್ ಆಡಿದ ಮೊದಲ ಅರಬ್ ಮಹಿಳೆ. ಗೆಲ್ಲಲಿಲ್ಲ, ಆದರೂ ಅವಳ ದೇಶದವರು ಅವಳನ್ನು ಸಂತೋಷದ ಮಂತ್ರಿಣಿ ಎಂದು ಕರೆದರು.

ಈಗ ನಮ್ಮ ಮನೆಯ ಪ್ರಶ್ನೆ. ಹೆಣ್ಣು ಆಡಬಹುದೇ? ಹಝ್ರತ್ ಆಯಿಶಾ(ರ)ರ ಓಟದ ಸ್ಪರ್ಧೆಯ ಹದೀಸ್ ನಿಮಗೆಲ್ಲ ಗೊತ್ತು. ಅಬೂದಾವೂದ್ ಮತ್ತು ಮುಸ್ನದ್ ಅಹ್ಮದ್‌ನಲ್ಲಿ ಅದು ಉಲ್ಲೇಖವಾಗಿದೆ. ಒಂದು ಪ್ರಯಾಣದಲ್ಲಿ ಪ್ರವಾದಿ(ಸ)ರು ಅವರನ್ನು ಓಟಕ್ಕೆ ಕರೆದರು, ಆಯಿಶಾ(ರ) ಗೆದ್ದರು. ಕಾಲ ಕಳೆದು, ಮೈ ತುಂಬಿಕೊಂಡ ನಂತರ ಮತ್ತೊಮ್ಮೆ ಓಡಿದಾಗ ಪ್ರವಾದಿ(ಸ)ರು ಗೆದ್ದು, ನಗುತ್ತಾ, ಅದಕ್ಕೂ ಇದಕ್ಕೂ ಸರಿಹೋಯಿತು ಎಂಬಂತೆ ನುಡಿದರು. ಮದ್ರಸದಲ್ಲಿ ನಮಗೆ ಇದನ್ನು ದಾಂಪತ್ಯದ ಸೊಗಸಿಗೆ ಉದಾಹರಣೆಯಾಗಿ ಕಲಿಸಿದರು. ಸರಿಯೇ. ಆದರೆ ಅದರಲ್ಲಿ ಇನ್ನೊಂದು ವಿವರವಿದೆ. ಓಟಕ್ಕೆ ಮೊದಲು ಪ್ರವಾದಿ(ಸ)ರು ಜೊತೆಗಿದ್ದ ಜನರನ್ನು ಮುಂದೆ ಹೋಗುವಂತೆ ಹೇಳಿದರು. ಜನರಿದ್ದಾರೆ, ಆದ್ದರಿಂದ ಓಟ ಬೇಡ ಎನ್ನಲಿಲ್ಲ. ಓಡಬೇಕು, ಅದಕ್ಕಾಗಿ ಮರೆ ಒದಗಿಸಿದರು. ನಾವು ಮರೆ ಒದಗಿಸುವ ಶ್ರಮ ತೆಗೆದುಕೊಳ್ಳದೆ ಓಟವನ್ನೇ ನಿಲ್ಲಿಸಿದ್ದೇವೆ.

ಗೋರಿಪಾಳ್ಯದಲ್ಲಾಗಲಿ ಬಸವೇಶ್ವರನಗರದಲ್ಲಾಗಲಿ ಸಂಜೆ ಅಸರ್ ನಮಾಝಿನ ನಂತರ ಬೀದಿ ನೋಡಿ. ಹತ್ತು ವರ್ಷದವರೆಗೆ ಹುಡುಗ ಹುಡುಗಿ ಇಬ್ಬರೂ ಇರುತ್ತಾರೆ. ಹನ್ನೆರಡು ದಾಟಿದ ಮೇಲೆ ಹುಡುಗರಷ್ಟೇ. ದೊಡ್ಡವಳಾದಳು ಎಂಬ ಒಂದು ಮಾತಿನೊಂದಿಗೆ ಅವಳ ಆಟ ಮುಗಿಯಿತು. ಮೂಳೆಗಳು ಗಟ್ಟಿಯಾಗುವುದು ಅದೇ ಹದಿಹರೆಯದ ವರ್ಷಗಳಲ್ಲಿ, ಅದೂ ಓಡಿ ನೆಗೆದಾಗ. ಬಿಸಿಲೂ ಬೇಕು. ನಲವತ್ತಕ್ಕೆ ಮಂಡಿ ನೋವು, ಸೊಂಟ ನೋವು, ಸಕ್ಕರೆ ಕಾಯಿಲೆ ಎಂದು ಸಾಲುಗಟ್ಟಿ ಕ್ಲಿನಿಕ್‌ನಲ್ಲಿ ಕೂರುವ ನಮ್ಮ ಆಪಾಗಳಲ್ಲಿ ಎಷ್ಟು ಮಂದಿ ಹನ್ನೆರಡರ ನಂತರ ಒಮ್ಮೆಯಾದರೂ ಓಡಿದ್ದಾರೆ? ಬಸ್ಸಿಗಾಗಿ ಓಡಿದ್ದನ್ನು ಬಿಟ್ಟು! ಕ್ರಿಕೆಟ್ ಕೋಚಿಂಗ್‌ಗೆ ಹೋಗುವ ಮಗನಿಗೆ ಬೆಳಿಗ್ಗೆ ಎರಡು ಮೊಟ್ಟೆ ಬೇಯಿಸಿಕೊಡುವ ಅಮ್ಮಿ, ಅದೇ ಮನೆಯ ಮಗಳಿಗೆ ಚಹಾ ಬಿಸ್ಕತ್ತು ಕೊಟ್ಟು ಶಾಲೆಗೆ ಕಳುಹಿಸುವುದನ್ನು ನಾನು ನೋಡುತ್ತಲೇ ಇದ್ದೇನೆ. ಪೋಷಕರ ಸಭೆಯಲ್ಲಿ ಈ ಮಾತು ತೆಗೆದರೆ, ಅವಳಿಗೇನು ಟೀಚರ್, ಮನೆಯಲ್ಲೇ ಇರುತ್ತಾಳಲ್ಲ ಎನ್ನುತ್ತಾರೆ.

ಎಲ್ಲ ಹುಡುಗಿಯರೂ ವೃತ್ತಿಪರ ಟೆನಿಸ್ ಆಡಲಿ ಎಂದು ನಾನು ಹೇಳುತ್ತಿಲ್ಲ. ಅದು ದುಬಾರಿ ಆಟ. ರ‍್ಯಾಕೆಟ್, ಷೂ, ಚೆಂಡು, ಕೋಚ್ ಫೀಸು, ಊರೂರು ಸುತ್ತುವ ಖರ್ಚು. ಟೂರ್ನಿಗಳ ಕೆಳದರ್ಜೆಯಲ್ಲಿ ಆಡುವವರಿಗೆ, ಗಂಡಾಗಲಿ ಹೆಣ್ಣಾಗಲಿ, ಗೆದ್ದ ಹಣ ಪ್ರಯಾಣಕ್ಕೂ ಸಾಲುವುದಿಲ್ಲ. ಹುಡುಗಿಯ ಜೊತೆಗೆ ಮನೆಯ ಒಬ್ಬರು ಹೋಗಲೇಬೇಕಾದ್ದರಿಂದ ಅವಳ ಖರ್ಚು ಇಮ್ಮಡಿ. ಈ ವ್ಯತ್ಯಾಸವನ್ನು ಯಾವ ಬಹುಮಾನದ ಪಟ್ಟಿಯೂ ತೋರಿಸುವುದಿಲ್ಲ. ಸಾನಿಯಾಳ ತಂದೆ ಇಮ್ರಾನ್ ಮಿರ್ಝಾ, ತಾಯಿ ನಸೀಮಾ ಆ ಭಾರ ಹೊತ್ತರು. ನಮ್ಮಲ್ಲಿ ಎಲ್ಲರಿಗೂ ಅದು ಸಾಧ್ಯವಿಲ್ಲ.

ಆದರೆ ಷಟಲ್ ರ‍್ಯಾಕೆಟ್‌ಗೆ ಅಷ್ಟು ಖರ್ಚಿಲ್ಲ. ಮನೆಯ ತಾರಸಿಗೆ ಸುತ್ತ ಎತ್ತರದ ಗೋಡೆ ಅಥವಾ ಶೀಟ್ ಇದ್ದರೆ ಅಲ್ಲೇ ಆಡಬಹುದು. ಸಂಜೆ ಗಾಳಿ ಹೆಚ್ಚು, ಬೆಳಗಿನ ಹೊತ್ತು ಒಳ್ಳೆಯದು. ಟೆನಿಸ್ ಕಲಿಸಲೇಬೇಕೆಂದಿದ್ದರೆ ಕ್ಲಬ್ಬಿನ ಬಾಗಿಲಲ್ಲಿ ಫೀಸು ಕೇಳುವ ಮುನ್ನ ಬೇರೆ ನಾಲ್ಕು ಸಂಗತಿ ಕೇಳಿ. ಮಹಿಳಾ ಕೋಚ್ ಇದ್ದಾರೆಯೇ? ಹುಡುಗಿಯರಿಗೇ ಪ್ರತ್ಯೇಕ ಸಮಯ ಉಂಟೇ? ಪೂರ್ತಿ ತೋಳಿನ ಅಂಗಿ, ಟ್ರ್ಯಾಕ್ ಪ್ಯಾಂಟ್, ತಲೆಗೆ ಬಿಗಿದ ಸ್ಕಾರ್ಫ್ ತೊಟ್ಟು ಆಡಲು ಯಾರದಾದರೂ ಆಕ್ಷೇಪವಿದೆಯೇ? ಉಡುಪು ಬದಲಿಸಲು ಚಿಲಕವಿರುವ ಕೋಣೆ, ನೀರಿರುವ ಶೌಚಾಲಯ ಇದೆಯೇ? ಒಬ್ಬರೇ ಹೋಗಿ ಕೇಳಿದರೆ, ನೋಡೋಣ ಎನ್ನುತ್ತಾರೆ. ಐದಾರು ತಾಯಂದಿರು ಜೊತೆಗೂಡಿ, ನಮ್ಮ ಎಂಟು ಹುಡುಗಿಯರಿದ್ದಾರೆ, ಬೆಳಿಗ್ಗೆ ಒಂದು ಗಂಟೆ ಕೊಡಿ ಎಂದು ಕೇಳಿ ನೋಡಿ. ಎಂಟು ಮಂದಿಯ ಫೀಸು ಎಂದರೆ ಲೆಕ್ಕ ಬಲ್ಲ ಯಾವ ಕ್ಲಬ್ಬೂ ಸುಲಭದಲ್ಲಿ ಬಿಡಲಾರದು.

ಶಾಲೆಯಲ್ಲಿ ಓದುವ ಮಗಳಿದ್ದರೆ ಇಂದು ಸಂಜೆ ಅವಳನ್ನೇ ಕೇಳಿ. ಪಿ.ಟಿ. ಪೀರಿಯಡ್‌ನಲ್ಲಿ ಮೈದಾನ ಯಾರಿಗೆ, ಮೂಲೆಯ ಮರದ ನೆರಳು ಯಾರಿಗೆ? ಚೆಂಡುಗಳು ಯಾರಿಗೆ, ಹಗ್ಗ ಯಾರಿಗೆ? ಅನೇಕ ಶಾಲೆಗಳಲ್ಲಿ ಆಟದ ಸಾಮಾನಿನ ಬೀರುವಿನ ಕೀಲಿಕೈ ಹತ್ತನೇ ತರಗತಿಯ ಹುಡುಗರ ಲೀಡರ್‌ನ ಜೇಬಿನಲ್ಲಿರುತ್ತದೆ. ಅದಕ್ಕೆ ಎರಡನೇ ಕೀಲಿಕೈ ಮಾಡಿಸುವುದಕ್ಕೆ ಹೆಚ್ಚು ದುಡ್ಡು ಬೇಕಾಗುವುದಿಲ್ಲ.